ಅತ್ತಿಗೆ ಹಿಡಿದ ಉಸಿರು

ನಮ್ಮೂರಿನ ಗಾಳದ ಪಂದ್ಯದಲ್ಲಿ ಒಂದು ಮೀನನ್ನೂ ತೂಗಿಸದೆ ಗೆದ್ದವರು ಒಬ್ಬರೇ. ಅವರು ನನ್ನ ಅತ್ತಿಗೆ ಚೆನ್ನಾಜಮ್ಮನವರು. ಆ ಗೆಲುವಿಗೆ ಒಂದು ತಲೆಮಾರಿನಷ್ಟು ವಯಸ್ಸಾಯಿತು. ಅಂದು ಅವರ ದೋಣಿಗೆ ಹುಟ್ಟು ಹಾಕಿದವನು ನಾನು. ಆ ಕೈಗೆ ಈಗ ಊಟದ ತಟ್ಟೆಯೂ ಭಾರ. ಆದರೂ ಆ ದಿನ ನೆನಪಾದರೆ ಬಾಗಿದ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಉಬ್ಬಸದ ಹೆಂಗಸು, ಕೆರೆಯ ಮೆಟ್ಟಿಲು ಹತ್ತುವಾಗ ನಡುವೆ ಕುಳಿತು ಸುಧಾರಿಸಿಕೊಳ್ಳಬೇಕಾದವರು, ಇದ್ದ ಚೂರುಪಾರು ಉಸಿರನ್ನೇ ಪಣಕ್ಕಿಟ್ಟು ಒಂದು ಕೆರೆಯನ್ನು ಊರಿಗೆ ಉಳಿಸಿಕೊಟ್ಟರು. ಅಂಥ ಸಾಹಸವನ್ನು ನಾನು ಮುಂದೆ ಕಾಣಲಿಲ್ಲ.

ನಮ್ಮ ಕೆರೆಯ ಮೀನನ್ನು ನೀರಿನಿಂದ ಮೇಲೆತ್ತಿದವರಿಗೆ ಉಸಿರು ನಿಲ್ಲುತ್ತದೆ. ಮೀನು ನೀರಿಗೆ ಮರಳಿದ ಗಳಿಗೆಗೆ ಉಸಿರೂ ಮರಳುತ್ತದೆ. ಎತ್ತಿದ ಮೀನನ್ನು ಇನ್ನೊಬ್ಬರು ಕೈಗೆ ತೆಗೆದುಕೊಂಡರೆ ಸರದಿ ಅವರದು. ಎಳೆಯರಾಗಿದ್ದಾಗ ನಾವು ಸುತ್ತುಗಟ್ಟಿ ನಿಂತು ಪುಡಿಮೀನೊಂದನ್ನು ಕೈಯಿಂದ ಕೈಗೆ ದಾಟಿಸುತ್ತಾ, ಯಾರ ಮುಖ ಮೊದಲು ಕೆಂಪೇರುವುದೆಂದು ನೋಡಿ ನಗುತ್ತಿದ್ದೆವು. ದಡದಲ್ಲಿ ಕಿರುಚಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸದ್ದಡಗಿದರೆ, ಬಟ್ಟೆ ಒಗೆಯುತ್ತಿದ್ದ ತಾಯಿ ತಿರುಗಿಯೂ ನೋಡದೆ "ಬಿಡೋ, ನೀರಿಗೆ ಬಿಡು" ಎಂದು ಕೂಗುತ್ತಿದ್ದಳು. ಈ ಕಾರಣದಿಂದ ನಮ್ಮಲ್ಲಿ ಕೆರೆಯ ಮೀನನ್ನು ತಿನ್ನುವ ರೂಢಿಯೇ ಇಲ್ಲ. ಮೀನಿನ ಪ್ರಾಣ ಹೋಗುವುದಕ್ಕೆ ಮೊದಲು ಹಿಡಿದವನದೇ ಹೋಗಬೇಕಲ್ಲ! ಸಾರಿಗೆ ಬೇಕಾದ ಒಣಮೀನು ಹೊರಗಿನಿಂದ ಗಾಡಿಯಲ್ಲಿ ಬರುತ್ತಿತ್ತು. ಕೆರೆ ಇದ್ದದ್ದು ನಮ್ಮ ಪಂದ್ಯಕ್ಕಾಗಿ.

ಹಳೆಯ ಪಂದ್ಯದ ಸೊಗಸೇ ಬೇರೆ. ಹೊಸ ನೀರು ಬಂದು ಕೆರೆ ತುಂಬಿದ ಮೇಲೆ, ದೋಣಿಗೆ ಇಬ್ಬರಂತೆ, ಗಾಳ ಹಾಕುವವರು ಒಬ್ಬರು, ಹುಟ್ಟು ಹಾಕುವವರು ಒಬ್ಬರು, ಬೆಳಗಿನಲ್ಲೇ ಹೊರಡುತ್ತಿದ್ದರು. ಗುರಿಯೆಲ್ಲ ಕೆಂಗೆನ್ನೆಯ ಮೇಲೆ. ಕಿವಿರಿನ ಬಳಿ ಕುಂಕುಮ ಬಳಿದಂತೆ ಕೆಂಪಿರುವ, ತೋಳುದ್ದ ಬೆಳೆಯುವ ಆ ಮೀನು ಗಾಳಕ್ಕೆ ಸಿಕ್ಕರೆ ದೋಣಿಯನ್ನೇ ಎಳೆದಾಡುತ್ತದೆ. ದೋಣಿಯ ನಡುವೆ ನೆಟ್ಟ ಕಂಬಕ್ಕೆ ತೂಕದ ಮುಳ್ಳು ಕಟ್ಟಿರುತ್ತಿತ್ತು. ಮೀನನ್ನು ಒದ್ದೆ ಜೋಳಿಗೆಯಲ್ಲಿ ಎತ್ತಿ ಮುಳ್ಳಿಗೆ ತೂಗುಹಾಕಬೇಕು; ಮುಳ್ಳು ನಡುಗುವುದು ನಿಂತ ಮೇಲೆ ಪಕ್ಕದ ದೋಣಿಯವರು ತೂಕವನ್ನು ಕೂಗಬೇಕು; ಅಲ್ಲಿಯವರೆಗೆ ಎತ್ತಿದವರು ಉಸಿರಿಲ್ಲದೆ ತಾಳಬೇಕು. ಮೀನು ದೊಡ್ಡದಾದಷ್ಟೂ ಮುಳ್ಳಿನ ನಡುಕ ಹೆಚ್ಚು. ತಾಳಲಾರದೆ ನಡುವೆ ಬಿಟ್ಟರೆ ತೂಕವಿಲ್ಲ. ತಾಳಿದವರೂ ಅಲ್ಲೇ, ಹಿಡಿದ ನೀರಿಗೇ, ಮೀನನ್ನು ಇಳಿಸಿಬಿಡುತ್ತಿದ್ದರು.

ಮದುವೆಯಾಗಿ ಬಂದ ಹೊಸತರಲ್ಲೇ ಅತ್ತಿಗೆ ಈ ಪಂದ್ಯದಲ್ಲಿ ಗಂಡಸರ ಮೀಸೆಯನ್ನು ಇಳಿಸಿದ್ದರು. ತವರಿನಲ್ಲಿ ಎಳೆಯ ವಯಸ್ಸಿನಿಂದ ಹಸಿ ಸೌದೆಯ ಒಲೆಗೆ ಊದುಕೊಳವೆ ಊದಿದವರ ಉಸಿರದು. ಆದರೆ ಕೊಟ್ಟ ಒಲೆಯೇ ಕಿತ್ತುಕೊಂಡಿತು: ನಡುವಯಸ್ಸಿಗೆ ಬಂದಾಗ ಆ ಹೊಗೆಯೇ ಉಬ್ಬಸವಾಗಿ ಎದೆಯಲ್ಲಿ ಕುಳಿತಿತು. ಅಣ್ಣ ತೀರಿಕೊಂಡ ವರ್ಷವೇ ಅವರು ಗಾಳವನ್ನೂ ಅಟ್ಟಕ್ಕೆ ಹಾಕಿದರು.

ಅದನ್ನು ನೋಡಿ ಮರುಗಿದವನು ದಾದಾಪೀರ. ತಾಮ್ರದ ಕೆಲಸದವನು, ನನ್ನ ಓರಗೆಯವನು, ಗಾಳದಲ್ಲಿ ಅತ್ತಿಗೆಯನ್ನು ಬಿಟ್ಟರೆ ತಾನೇ ಎಂದು ಎದೆ ತಟ್ಟಿಕೊಳ್ಳುತ್ತಿದ್ದವನು. ಒಂದು ದಿನ ಅವನು ಉದ್ದನೆಯ ತಾಮ್ರದ ತೊಟ್ಟಿಯೊಂದನ್ನು ತಲೆಯ ಮೇಲೆ ಹೊತ್ತು ನಮ್ಮ ಜಗುಲಿಗೆ ತಂದಿಳಿಸಿದ.

"ಚೆನ್ನಾಜಕ್ಕ, ನಿಮಗೆ ಹೊಸ ಉಸಿರು ಬಡ್ಕೊಂಡು ತಂದಿದ್ದೀನಿ ನೋಡಿ" ಎಂದ.

"ಇದೇನೋ ಇದು, ನನ್ನ ಸ್ನಾನ ಮಾಡ್ಸೋಕೆ ತಂದ್ಯಾ?"

"ಮೀನನ್ನ ಮೇಲೆ ಎತ್ತೋದೇ ಬೇಡಕ್ಕ. ಇದನ್ನ ನೀರೊಳಗೆ ಮುಳುಗ್ಸಿ. ಮೀನು ಒಳಗೆ ಬರ್ಲಿ. ನೀರಿನ ಸಮೇತ ಎತ್ಕೊಳ್ಳಿ. ಮೀನು ನೀರಲ್ಲೇ ಇರ್ತದೆ, ನಿಮ್ಮ ಉಸಿರು ನಿಮ್ಮತ್ರಾನೇ ಇರ್ತದೆ."

ಹಾಗೆಯೇ ಆಯಿತು. ಆ ವರ್ಷ ಅತ್ತಿಗೆ ಮತ್ತೆ ಗೆದ್ದರು. ತೊಟ್ಟಿಯಲ್ಲಿ ಮಲಗಿದ್ದ ಕೆಂಗೆನ್ನೆಯ ಪಕ್ಕದಲ್ಲೇ ಕುಳಿತು, ಎಲೆಯಡಿಕೆ ಹಾಕಿಕೊಳ್ಳುತ್ತಾ, ಮಾತಾಡುತ್ತಾ ದಡಕ್ಕೆ ಬಂದದ್ದನ್ನು ಕಂಡು ಊರು ಕುಣಿದಾಡಿತು.

ಮರುವರ್ಷದಿಂದ ಎಲ್ಲ ದೋಣಿಗಳಲ್ಲೂ ತೊಟ್ಟಿ. ಉಸಿರು ಸಾಲದೆಂದು ಹಿಂದೆ ಸರಿದವರೆಲ್ಲ ಗಾಳ ಹಿಡಿದರು. ಮುದುಕರು ಬಂದರು, ಬಸುರಿಯರು ಬಂದರು, ಎಣ್ಣೆ ಗಾಣದ ಯಜಮಾನರೂ ಗಾಳದ ಸಂಘದ ಅಧ್ಯಕ್ಷರೂ ಆದ ಪಂಚಾಕ್ಷರಪ್ಪನವರು ತಮ್ಮ ಸ್ಥೂಲಕಾಯವನ್ನು ದೋಣಿಯೊಳಗೆ ಇಳಿಸಿಕೊಂಡು ತಾವೂ ಬಂದರು. ತೊಟ್ಟಿಯ ಸಮೇತ ತೂಗುವುದಕ್ಕೆ ಊರಬದಿಯ ದಡದಲ್ಲಿ ಕಲ್ಲಿನ ಕಟ್ಟೆ ಎದ್ದಿತು. ಮೀನುಗಳು ತೊಟ್ಟಿಗಳಲ್ಲೇ ಕೆರೆಯ ಮೂಲೆಮೂಲೆಗಳಿಂದ ಕಟ್ಟೆಗೆ ಬರುತ್ತಿದ್ದವು. ಜನ ಸಾಲುಗಟ್ಟಿ ನೋಡುತ್ತಿದ್ದರು. ತೂಕವಾದ ಮೇಲೆ ಓಲಗ ಊದಿಸಿ, ಕಟ್ಟೆಯ ಕೆಳಗಿನ ನೀರಿಗೆ ಅವನ್ನು ಬಿಡುತ್ತಿದ್ದರು. ಒಂದು ಮೀನೂ ಸಾಯುತ್ತಿರಲಿಲ್ಲ. ಯಾರಿಗೂ ಉಸಿರು ಕಟ್ಟುತ್ತಿರಲಿಲ್ಲ. ಇದಕ್ಕಿಂತ ಧರ್ಮವಾದ ಪಂದ್ಯ ಇನ್ನೆಲ್ಲಿದೆ ಎಂದು ನಾವು ಹಿಗ್ಗುತ್ತಿದ್ದೆವು. ನಮ್ಮ ಉಸಿರು ಸರಾಗವಾಗಿ ಆಡುತ್ತಿದ್ದರೆ ಮೀನೂ ಸುಖವಾಗಿದೆ ಎಂಬುದು ನಮಗೆ ಹುಟ್ಟಿನಿಂದ ಬಂದ ಲೆಕ್ಕ. ಆ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬೇಕೆಂದು ಯಾರಿಗೆ ತಾನೇ ಹೊಳೆದೀತು?

ಮೀನು ಕಡಿಮೆಯಾಗತೊಡಗಿತು. ಮೊದಲು ಎಳೆಯ ಮೀನುಗಳು ಕಾಣೆಯಾದವು, ಆಮೇಲೆ ನಡುಪ್ರಾಯದವು. ಗಾಳಕ್ಕೆ ಸಿಕ್ಕುತ್ತಿದ್ದುದೆಲ್ಲ ಹಳೆಯ ದೊಡ್ಡ ಮೀನುಗಳೇ. ಅವೂ ವರ್ಷದಿಂದ ವರ್ಷಕ್ಕೆ ವಿರಳ. ಸಂಘದವರು ನೀರುಕಾಗೆಗಳ ಮೇಲೆ ತಪ್ಪು ಹೊರಿಸಿ ಪಟಾಕಿ ಸಿಡಿಸಿದರು. ಹಕ್ಕಿಗಳು ಹೋದವು, ಮೀನು ಬರಲಿಲ್ಲ. ಕೊನೆಗೆ ಸಂಘ ಸಭೆ ಸೇರಿ ನಿರ್ಧರಿಸಿತು: ದೂರದ ಊರಿನಿಂದ ಬೇಗ ಬೆಳೆಯುವ ಜಾತಿಯ ಮರಿಗಳನ್ನು ಗಾಡಿಗಟ್ಟಲೆ ತರಿಸುವುದು, ಈ ಸಲದ ಪಂದ್ಯ ಮುಗಿದ ಮಾರನೆಯ ದಿನವೇ ಕೆರೆಗೆ ಸುರಿಯುವುದು.

ಆ ಸಭೆಯ ಹೊತ್ತಿಗೆ ಅತ್ತಿಗೆ ಸ್ಪರ್ಧೆಯಿಂದ ದೂರವಾಗಿದ್ದರು. ಆದರೆ ಸಂಜೆ ಕೆರೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳಲು ಕುಳಿತಾಗ, ಕಟ್ಟೆಯ ಕೆಳಗೆ ಬಿಟ್ಟ ಕೆಂಗೆನ್ನೆಗಳು ಅಲ್ಲೇ ಸುಳಿದಾಡುವುದನ್ನು ನೋಡುತ್ತಿದ್ದರು. ಜನರು ಅದನ್ನು ಕಂಡು "ನಮ್ಮನ್ನ ಬಿಟ್ಟು ಹೋಗಕ್ಕೆ ಮನಸ್ಸಿಲ್ಲ ಪಾಪ" ಎಂದು ಮಂಡಕ್ಕಿ ಎಸೆಯುತ್ತಿದ್ದರು. ಮೀನುಗಳು ಮಂಡಕ್ಕಿಯನ್ನು ಮುಟ್ಟುತ್ತಿರಲಿಲ್ಲ. ಗೋಡೆಯುದ್ದಕ್ಕೂ ಮೂಗು ತಾಗಿಸುತ್ತಾ, ಸಂದು ಹುಡುಕುವವರಂತೆ ಅತ್ತಿಂದಿತ್ತ ಅಲೆಯುತ್ತಿದ್ದವು. ಆಮೇಲೆ ಅತ್ತಿಗೆ ನನ್ನನ್ನು ಕರೆದುಕೊಂಡು ದೋಣಿಯಲ್ಲಿ ಆಚೆ ದಡದ ಜೊಂಡಿಗೆ ಹೋದರು. ಒಂದು ಕಾಲದಲ್ಲಿ ಆ ಜೊಂಡಿನ ಬುಡದಲ್ಲಿ ಕೆಂಗೆನ್ನೆಯ ಮರಿಗಳು ಕೇಸರಿ ಮುದ್ದೆಯಂತೆ ಒತ್ತಾಗಿ ತೇಲುತ್ತಿದ್ದವು. ಈಗ ಹುಡುಕಿ ಹುಡುಕಿ ಒಂದೆರಡು ಕಡೆ ಕಂಡರೆ ಹೆಚ್ಚು. ಕಂಡ ಕಡೆಯೆಲ್ಲ ಕೆಳಗೆ ಒಂದು ದೊಡ್ಡ ನೆರಳು ಕದಲದೆ ನಿಂತಿರುತ್ತಿತ್ತು.

ಸಭೆಯಲ್ಲಿ ಅವರು ಎದ್ದು ನಿಂತರು. ಕಂಬವನ್ನು ಹಿಡಿದುಕೊಂಡೇ ಮಾತಾಡಿದರು.

"ಅಧ್ಯಕ್ಷರೇ, ನಾವು ಹಿಡೀತಿರೋದು ಮರಿ ಕಾಯೋ ಗಂಡುಮೀನನ್ನ. ಅದು ಎರೆ ಆಸೆಗೆ ಗಾಳ ಕಚ್ಚಲ್ಲ. ಮರಿ ಹತ್ರ ಬಂದದ್ದನ್ನ ಸಿಟ್ಟಿಂದ ಕಚ್ತದೆ. ನಾವು ಅದನ್ನ ಎತ್ಕೊಂಡು ಇಲ್ಲಿ ತಂದು ಬಿಡ್ತೀವಿ. ಅಲ್ಲಿ ಮರಿಗಳ ಗತಿ ಏನು?"

ಪಂಚಾಕ್ಷರಪ್ಪನವರು ಒಳ್ಳೆಯವರೇ. ಆದರೆ ಆ ಕಟ್ಟೆ ಅವರ ಹೆಮ್ಮೆ. "ಚೆನ್ನಾಜಮ್ಮೋರೇ, ಮೀನಿಗೆ ಅದರ ಮನೆ ದಾರಿ ಗೊತ್ತಿರಲ್ವೇ? ಈಜ್ಕೊಂಡು ಹೋಗ್ತದೆ."

"ಹೋಗೋಷ್ಟರಲ್ಲಿ ಮನೆ ಖಾಲಿ ಆಗಿರ್ತದೆ."

"ಯಾರಿಗಾದ್ರೂ ಉಸಿರು ಕಟ್ಟಿತಾ? ನೀವೇ ಹೇಳಿ. ಮೀನಿಗೆ ತೊಂದರೆ ಆಗಿದ್ರೆ ನಮಗೆ ಗೊತ್ತಾಗ್ತಿರ್ಲಿಲ್ವಾ?"

ಸಭೆ ಹೌದೌದೆಂದಿತು. ಹಿಂದಿನ ಸಾಲಿನಿಂದ ದಾದಾಪೀರ ಕೂಗಿದ: "ಅಕ್ಕಾ, ನನ್ನ ತೊಟ್ಟೀನಲ್ಲೇ ಗೆದ್ದು, ಈಗ ನನ್ನ ತೊಟ್ಟೀಗೇ ಶಾಪ ಹಾಕ್ತೀರಲ್ಲ!"

"ನಿನ್ನ ತೊಟ್ಟಿ ಚೆನ್ನಾಗಿದೆ ಕಣೋ. ಅದಕ್ಕೇ ತೊಂದರೆ ಆಗಿರೋದು. ನೋವಾಗದ ಹಾಗೆ ಮಾಡಿಬಿಟ್ಟೆ, ನಾವು ನೋಡೋದನ್ನೇ ಬಿಟ್ಟುಬಿಟ್ವಿ." ಅಷ್ಟು ಹೇಳುವಷ್ಟರಲ್ಲಿ ಅವರಿಗೆ ಏದುಸಿರು ಬಂದಿತ್ತು. ಸ್ವಲ್ಪ ತಡೆದು ಅಧ್ಯಕ್ಷರ ಕಡೆ ತಿರುಗಿದರು. "ಈ ಸಲ ನಾನೂ ಗಾಳ ಹಾಕ್ತೀನಿ. ಹಳೇ ಪದ್ಧತೀಲಿ. ತೊಟ್ಟಿ ಬೇಡ. ಸಾಕ್ಷಿಗೆ ನೀವೇ ನನ್ನ ದೋಣೀಲಿ ಬನ್ನಿ. ನೋಡಿದ ಮೇಲೂ ಹೊರಗಿನ ಮರಿ ಬೇಕು ಅಂದ್ರೆ ತಂದು ಸುರೀರಿ. ನಾನು ಬಾಯಿ ಬಿಡಲ್ಲ."

"ನಿಮ್ಮ ಉಬ್ಬಸ…"

"ಅದು ನನ್ನ ಜತೆಗೇ ಬರ್ತದೆ. ಅದಕ್ಕೆ ಬೇರೆ ಜಾಗ ಬೇಡ."

ಸಭೆ ನಕ್ಕಿತು, ನಾನು ನಗಲಿಲ್ಲ. ಹೊರಗಿನ ಮೀನು ಬಂದರೆ ಉಳಿದ ಕೆಂಗೆನ್ನೆಯ ಮರಿಗಳನ್ನು ಅದು ಒಂದೇ ಮಳೆಗಾಲದಲ್ಲಿ ತಿಂದು ಮುಗಿಸುತ್ತದೆಂದು ನನಗೂ ಗೊತ್ತಿತ್ತು. ಅದನ್ನು ತಡೆಯುವುದಕ್ಕೆ ಅತ್ತಿಗೆಯ ಬಳಿ ಇರುವುದು ಕಾಲು ಉಸಿರು ಎಂಬುದೂ ಗೊತ್ತಿತ್ತು. ಮನೆಗೆ ಬರುವ ದಾರಿಯಲ್ಲಿ, "ಬೇಡ ಅತ್ತಿಗೆ, ನಾನೇ ಎತ್ತುತ್ತೀನಿ, ನೀವು ಮಾತಾಡಿ" ಎಂದೆ.

"ನೀನು ಎತ್ತಿದ್ರೆ ಆ ಮನುಷ್ಯ ತೂಕ ನೋಡ್ತಾರೆ ಸೂರಪ್ಪ. ನಾನು ಎತ್ತಿದ್ರೆ ಹೆದರ್ಕೊಂಡು ಸುತ್ತಮುತ್ತ ನೋಡ್ತಾರೆ" ಎಂದರು.

ಪಂದ್ಯದ ಬೆಳಿಗ್ಗೆ ಕೆರೆ ತುಂಬಿ, ಗಾಳಿ ಬಿದ್ದು, ನೀರು ಎಣ್ಣೆ ಹರಡಿದಂತೆ ನಿಂತಿತ್ತು. ದೋಣಿಯ ಹಿಂಬದಿಯಲ್ಲಿ ಅಧ್ಯಕ್ಷರು ಕುಳಿತದ್ದರಿಂದ ಮುಂಬದಿ ಮೇಲೆದ್ದು, ಅತ್ತಿಗೆ ಗದ್ದುಗೆಯ ಮೇಲೆ ಕುಳಿತವರಂತೆ ಕಾಣುತ್ತಿದ್ದರು. ಪಕ್ಕದಲ್ಲೇ ದಾದಾಪೀರನ ದೋಣಿ. "ಅಧ್ಯಕ್ಷರೇ, ನಿಮ್ಮನ್ನ ತೂಗಿದ್ರೆ ಈ ಸಲದ ಬಹುಮಾನ ಅಕ್ಕಂಗೇ" ಎಂದು ಅವನು ಕೂಗಿದ. ಪಂಚಾಕ್ಷರಪ್ಪನವರು ಶಲ್ಯವನ್ನು ಸರಿಮಾಡಿಕೊಂಡು ಗಂಭೀರರಾದರು.

ಆಚೆ ದಡದ ಜೊಂಡಿನಲ್ಲಿ ನಾನು ಹುಟ್ಟನ್ನು ಮೇಲೆತ್ತಿದೆ. ತಿಳಿನೀರಿನಲ್ಲಿ ಕೇಸರಿ ಮುದ್ದೆಯೊಂದು ಮೆಲ್ಲಗೆ ಉರುಳುತ್ತಿತ್ತು. ಅದರಡಿಯಲ್ಲಿ ಆ ನೆರಳು. ಅತ್ತಿಗೆ ಗಾಳ ಇಳಿಬಿಟ್ಟರು. ನೆರಳು ಸಿಡಿದೆದ್ದು ಕಚ್ಚಿತು. ಆಮೇಲೆ ನಡೆದ ಎಳೆದಾಟವನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ನೂಲನ್ನು ಕೊಡುವಲ್ಲಿ ಕೊಟ್ಟು, ಎಳೆಯುವಲ್ಲಿ ಎಳೆದು, ಒಮ್ಮೆಯೂ ಜೊಂಡಿಗೆ ಸಿಕ್ಕಿಸಿಕೊಳ್ಳಲು ಬಿಡದೆ, ಮರಿಗಳಿದ್ದ ಜಾಗದಿಂದ ಅದು ದೂರ ಸರಿಯದಂತೆ ನೋಡಿಕೊಂಡು, ಅವರು ಆ ಮೀನನ್ನು ದೋಣಿಯ ಪಕ್ಕಕ್ಕೆ ತಂದರು. ಬೆರಳುಗಳಿಗೆ ಹಳೆಯ ವಿದ್ಯೆ ಮರೆತುಹೋಗಿರಲಿಲ್ಲ. ಎದೆ ಮಾತ್ರ ಆಗಲೇ ಸಿಳ್ಳೆ ಹಾಕುತ್ತಿತ್ತು.

"ಅಧ್ಯಕ್ಷರೇ, ಮೀನನ್ನ ನೋಡ್ಬೇಡಿ. ಮರಿಗಳನ್ನ ನೋಡಿ" ಎಂದರು. ಆಮೇಲೆ ಒದ್ದೆ ಜೋಳಿಗೆಯಲ್ಲಿ ಮೀನನ್ನು ಎತ್ತಿ ಎದೆಗೆ ಅವುಚಿಕೊಂಡರು. ಸಿಳ್ಳೆ ನಿಂತಿತು. ಅವರ ಎದೆಯ ಸದ್ದಿಗೆ ಒಗ್ಗಿಹೋಗಿದ್ದ ನನ್ನ ಕಿವಿಗೆ ಆ ನಿಶ್ಶಬ್ದವನ್ನು ಸಹಿಸಲಾಗಲಿಲ್ಲ.

ಒಂದೆರಡು ಕ್ಷಣ ಏನೂ ಆಗಲಿಲ್ಲ. ಬಳಿಕ ಜೊಂಡಿನೊಳಗಿನಿಂದ ಬೆರಳುದ್ದದ ಬೂದು ಮೀನೊಂದು ಇಣುಕಿತು. ಮುಂದೆ ಬಂತು, ಹಿಂದೆ ಸರಿಯಿತು. ಹೆದರಿಸುವವರು ಯಾರೂ ಇಲ್ಲವೆಂದು ತಿಳಿದೊಡನೆ ಅದರ ಹಿಂದೆ ಒಂದು ದಂಡೇ ಬಂತು. ಕೇಸರಿ ಮುದ್ದೆ ಒಡೆಯಿತು. ಮರಿಗಳು ಕಾಳು ಚೆಲ್ಲಿದಂತೆ ಚೆದುರಿದವು. ಅವು ಬೇರೆಲ್ಲಿಗೂ ಓಡಲಿಲ್ಲ. ಅಪ್ಪ ನಿಲ್ಲುತ್ತಿದ್ದ ಜಾಗದ ಕಡೆಗೇ ಧಾವಿಸುತ್ತಿದ್ದವು. ಬೂದು ಮೀನುಗಳು ಅಲ್ಲೇ ಬಾಯಿ ತೆರೆದು ಕಾದವು. ನೀರಿನ ಮೇಲೆ ಪಟಪಟನೆ ಸದ್ದು. ಪ್ರತಿ ಸದ್ದಿಗೂ ಒಂದೊಂದು ಕೇಸರಿ ಚುಕ್ಕಿ ಮಾಯ.

"ಅಯ್ಯಯ್ಯೋ" ಎಂದರು ಪಂಚಾಕ್ಷರಪ್ಪನವರು. "ಕಂಡೆ ಕಂಡೆ! ಬಿಡಿ ತಾಯಿ, ಬಿಟ್ಟುಬಿಡಿ!"

ಅತ್ತಿಗೆ ಬಿಡಲಿಲ್ಲ. ಕತ್ತಿನ ನರಗಳು ಹುರಿಗೊಂಡಿದ್ದವು, ತುಟಿ ನೇರಳೆಯ ಬಣ್ಣಕ್ಕೆ ತಿರುಗುತ್ತಿತ್ತು. ಒಂದು ಕೈಯನ್ನು ಬಿಡಿಸಿಕೊಂಡು, ದೂರದಲ್ಲಿ ಕಾಣುತ್ತಿದ್ದ ತೂಕದ ಕಟ್ಟೆಯನ್ನು ತೋರಿಸಿದರು. ಇಷ್ಟರಲ್ಲೇ ಹೀಗಾದರೆ, ಅಲ್ಲಿಯವರೆಗೆ ಹೋಗಿ ಬರುವಷ್ಟರಲ್ಲಿ? ಮಾತಿಲ್ಲದೆ ಕೇಳಿದ ಆ ಪ್ರಶ್ನೆ ನಮ್ಮಿಬ್ಬರಿಗೂ ಕೇಳಿಸಿತು.

"ಸೂರಪ್ಪ, ಬಿಡ್ಸಯ್ಯ ಅವರ ಕೈಯಿಂದ!" ಎಂದು ಅಧ್ಯಕ್ಷರು ಅರಚಿದರು. ನಾನು ಹುಟ್ಟನ್ನು ಬಿಸಾಡಿ ಏಳುವುದಕ್ಕೆ ಮೊದಲೇ ಆ ಭಾರಿ ದೇಹ ಮುಂದಕ್ಕೆ ನುಗ್ಗಿತು. ದೋಣಿ ವಾಲಿತು. ಅವರು ಅತ್ತಿಗೆಯ ಕೈಯಿಂದ ಮೀನನ್ನು ಕಿತ್ತುಕೊಂಡರು.

ಅತ್ತಿಗೆಯ ಎದೆಯಲ್ಲಿ ಸಿಳ್ಳೆ ಮರಳಿತು. ಪಂಚಾಕ್ಷರಪ್ಪನವರು ಮೀನನ್ನು ತಬ್ಬಿಕೊಂಡು, ಕಣ್ಣರಳಿಸಿಕೊಂಡು, ನಿಂತಲ್ಲೇ ನಿಂತರು. ತೊಟ್ಟಿ ಬಂದ ಮೇಲೆ ಗಾಳ ಹಿಡಿದವರು ಅವರು. ಹುಡುಗಾಟದ ದಿನಗಳ ನಂತರ ಬರಿಗೈಯಲ್ಲಿ ಮೀನನ್ನು ಎತ್ತಿರಲಿಲ್ಲ. ಬಾಯಿ ತೆರೆದರು, ಮುಚ್ಚಿದರು. ತೋಳಿನಲ್ಲಿದ್ದ ಕೆಂಗೆನ್ನೆಯೂ ಹಾಗೆಯೇ ಬಾಯಿ ತೆರೆದು ಮುಚ್ಚುತ್ತಿತ್ತು. ಒಬ್ಬರ ಮುಖವನ್ನು ಒಬ್ಬರು ಅಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲು.

ಅತ್ತಿಗೆ ದೋಣಿಯ ಅಂಚಿಗೆ ಒರಗಿ, ಒಂದೊಂದು ಮಾತಿಗೂ ಒಂದೊಂದು ಉಸಿರನ್ನು ಹುಡುಕಿಕೊಂಡು ಕೇಳಿದರು: "ಏನು… ಅಧ್ಯಕ್ಷರೇ… ಕಟ್ಟೆಗೆ… ಹೋಗೋಣ್ವಾ?"

ಪಂಚಾಕ್ಷರಪ್ಪನವರು ಮಂಡಿಯೂರಿದರು. ಬಿಸಾಡಲಿಲ್ಲ, ಅದನ್ನು ನಾನು ಎಂದಿಗೂ ಅವರ ಹೆಸರಿಗೆ ಬರೆದಿಡುತ್ತೇನೆ. ತೊಟ್ಟಿಲಿಗೆ ಮಗುವನ್ನು ಇಳಿಸುವವರಂತೆ ಎರಡೂ ಕೈಗಳಿಂದ ಮೀನನ್ನು ನೀರಿಗೆ ಇಳಿಸಿದರು. ಅದು ಬಾಲ ಬೀಸಿದ ರಭಸಕ್ಕೆ ಅವರ ಮುಖವೆಲ್ಲ ತೊಯ್ದಿತು. ಬೂದು ಮೀನುಗಳ ದಂಡು ಕಂಡಕಂಡ ಕಡೆ ಚೆಲ್ಲಾಪಿಲ್ಲಿಯಾಯಿತು. ಕೆಂಗೆನ್ನೆ ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಆಮೇಲೆ ತನ್ನ ಹಳೆಯ ಜಾಗದಲ್ಲಿ ಬಂದು ನಿಂತಿತು. ಜೊಂಡಿನ ಎಳೆಗಳ ನಡುವಿನಿಂದ, ಕಲ್ಲಿನ ಸಂದಿನಿಂದ, ನಮ್ಮ ದೋಣಿಯ ಅಡಿಯಿಂದ ಉಳಿದ ಮರಿಗಳು ಹೊರಬಂದು ಅದರ ಮೇಲೆ ಮತ್ತೆ ಗುಂಪುಗೂಡಿದವು. ಮುದ್ದೆ ಮೊದಲಿನ ಅರ್ಧದಷ್ಟೂ ಇರಲಿಲ್ಲ.

ಪಕ್ಕದ ದೋಣಿಯಲ್ಲಿ ದಾದಾಪೀರ ಎದ್ದು ನಿಂತಿದ್ದ. ಅವನ ತೊಟ್ಟಿಯಲ್ಲಿ ಅಷ್ಟುಹೊತ್ತಿಗೆ ಒಂದು ಕೆಂಗೆನ್ನೆ ಬಿದ್ದಿತ್ತು. ಅವನು ಹುಟ್ಟು ಎತ್ತಿಕೊಂಡು, ಆ ಮೀನನ್ನು ಹಿಡಿದ ಜಾಗಕ್ಕೆ ದೋಣಿಯನ್ನು ತಿರುಗಿಸಿದ. ಸಂಜೆ ಅವನ ದೋಣಿಯೂ ನಮ್ಮ ದೋಣಿಯೂ ಬರಿದಾಗಿಯೇ ಕಟ್ಟೆಗೆ ಬಂದವು.

ಪಂಚಾಕ್ಷರಪ್ಪನವರು ತೊಯ್ದ ಶಲ್ಯದಲ್ಲೇ ಕಟ್ಟೆ ಹತ್ತಿ, ಗೆದ್ದವರು ಚೆನ್ನಾಜಮ್ಮನವರು ಎಂದು ಸಾರಿದರು. "ತೂಕ ಎಷ್ಟು?" ಎಂದು ಯಾರೋ ಕೇಳಿದರು. "ನಾನು ಹೊತ್ತು ನೋಡಿದ್ದೀನಿ ಕಣ್ರಯ್ಯ. ಈ ಕೆರೇಲಿ ಅದಕ್ಕಿಂತ ಭಾರದ್ದು ಇಲ್ಲ" ಎಂದರು. ಜನರ ನಡುವೆ ಗುಸುಗುಸು ಎದ್ದಿತು. ಆದರೆ ಅಧ್ಯಕ್ಷರು ಅಲ್ಲಿಂದ ಇಳಿಯಲಿಲ್ಲ. ಕಂಡದ್ದನ್ನೆಲ್ಲ, ತಮ್ಮ ಬಾಯಿ ಮೀನಿನಂತೆ ತೆರೆದುಕೊಂಡದ್ದನ್ನೂ ಬಿಡದೆ, ಹೇಳಿದರು. ಅಷ್ಟು ದೊಡ್ಡ ಮನುಷ್ಯ ತನ್ನ ಹೆಮ್ಮೆಯ ಕಟ್ಟೆಯ ಮೇಲೆ ನಿಂತೇ ಆ ಕಟ್ಟೆ ಇನ್ನು ಬೇಡವೆಂದು ಹೇಳುವುದು ಸುಲಭವಲ್ಲ. ಹೊರಗಿನ ಮರಿಗಳ ಗಾಡಿಗೆ ಬರಬೇಡವೆಂದು ಆಳು ಹೋದ. ಅಂದಿನಿಂದ ತೂಕ ಮತ್ತೆ ದೋಣಿಯಲ್ಲೇ, ಹಿಡಿದ ಜಾಗದಲ್ಲೇ, ಎತ್ತಿದವರ ಒಂದು ಉಸಿರಿನೊಳಗೇ. ಮರಿಗಳಿರುವ ಕಡೆಗೆ ಗಾಳ ಹಾಕುವಂತಿಲ್ಲ. ಮರಿಗಳು ಬೆಳೆದು ಬೇರೆಯಾಗುವ ತನಕ ಪಂದ್ಯವೇ ಇಲ್ಲ. ದಾದಾಪೀರ ತನ್ನ ತೊಟ್ಟಿಗಳನ್ನು ಒಡೆದು ಊರಿನ ಮನೆಮನೆಗೆ ಚೊಂಬು ಮಾಡಿಕೊಟ್ಟ. "ಅಕ್ಕನ ಉಸಿರಲ್ಲಿ ನೀರು ಕುಡೀರಿ" ಎಂದು ಪ್ರತಿ ಮನೆಯಲ್ಲೂ ಹೇಳಿ ನಗಿಸಿದ.

ಮೀನು ಕೂಡಲೇ ತುಂಬಿಕೊಳ್ಳಲಿಲ್ಲ. ಬರಿಗಾಳ ಎಳೆದುಕೊಂಡು ಬಂದ ವರ್ಷಗಳೂ ಇದ್ದವು. ತೊಟ್ಟಿಯೇ ಚೆನ್ನಾಗಿತ್ತೆಂದು ಗೊಣಗಿದವರೂ ಇದ್ದರು. ಅತ್ತಿಗೆ ಯಾರಿಗೂ ಎದುರಾಡದೆ ಮೆಟ್ಟಿಲ ಮೇಲೆ ಕುಳಿತು ಕಾದರು. ಅವರು ಕಣ್ಣು ಮುಚ್ಚುವ ಮೊದಲಿನ ಮಳೆಗಾಲದಲ್ಲಿ ನಾನು ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಆಚೆ ದಡಕ್ಕೆ ಹೋದೆ. ಜೊಂಡಿನುದ್ದಕ್ಕೂ ಕೇಸರಿ. ಹುಟ್ಟು ಹಾಕಲು ಜಾಗವಿಲ್ಲದೆ ನಾನು ದೋಣಿಯನ್ನು ಹಿಂದಕ್ಕೆ ತೆಗೆಯಬೇಕಾಯಿತು. ಅವರು ಸೆರಗಿನಿಂದ ಕನ್ನಡಕವನ್ನು ಒರೆಸಿಕೊಂಡು ಮತ್ತೆ ನೋಡಿದರು, ಅಷ್ಟೆ.

ನನ್ನ ಮೊಮ್ಮಗಳು ಹೇಮಲತೆ ಈ ವರ್ಷ ಮೊದಲ ಸಲ ಪಂದ್ಯಕ್ಕೆ ನಿಲ್ಲುತ್ತಾಳೆ. ನಿನ್ನೆ ಸಂಜೆ ಜಗುಲಿಯಲ್ಲಿ ನಾನು ಈ ಕಥೆಯನ್ನು ಮುಗಿಸಿದಾಗ ಅವಳು ಗಾಳದ ನೂಲು ಸುತ್ತುವುದನ್ನು ನಿಲ್ಲಿಸಿ ನನ್ನ ಎದುರಿಗೆ ಬಂದು ಕುಳಿತಳು.

"ತಾತ, ಇನ್ನೊಂದ್ಸಲ ಹೇಳಿ."

"ಎಲ್ಲಾನೂ ಹೇಳಬೇಕೇನೇ?"

"ಅಲ್ಲ. ದೊಡ್ಡಜ್ಜಿ ಮೀನು ಎತ್ತಿದ್ರಲ್ಲ, ಅಲ್ಲಿಂದ ಅಧ್ಯಕ್ಷರು ಕಿತ್ಕೊಳ್ಳೋ ತನಕ. ನಾನೂ ಉಸಿರು ಹಿಡೀತೀನಿ. ನಂಗೋಸ್ಕರ ಅಂತ ಬೇಗ ಬೇಗ ಹೇಳ್ಬೇಡಿ ಮತ್ತೆ. ಎಷ್ಟು ಹೊತ್ತಾಯ್ತೋ ಅಷ್ಟೇ ಹೊತ್ತು ಹೇಳಿ."

ಅವಳು ಎದೆ ತುಂಬ ಗಾಳಿ ಎಳೆದುಕೊಂಡು ಬಾಯಿ ಮುಚ್ಚಿದಳು. ಅತ್ತಿಗೆ ಮೀನನ್ನು ಎತ್ತಿ ಎದೆಗೆ ಅವುಚಿಕೊಂಡರು, ಎದೆಯ ಸಿಳ್ಳೆ ನಿಂತಿತು, ಎಂದು ನಾನು ನಿಧಾನವಾಗಿ ಆರಂಭಿಸಿದೆ.